ಸೋಲಾರ್ ಕಾರಂಜಿಗೆ ಬ್ಯಾಟರಿ ಜೋಡಿಸಿದರೆ ರಾತ್ರಿಯೂ ನೀರು ಚಿಮ್ಮುತ್ತದೆಯೇ?

ಕೈತೋಟಕ್ಕೆಂದು ಮಾರುವ ಸಣ್ಣ ಸೋಲಾರ್ ಕಾರಂಜಿಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇರುವುದಿಲ್ಲ. ಪ್ಯಾನಲ್‌ನ ವಿದ್ಯುತ್ ನೇರವಾಗಿ ಪಂಪಿಗೆ ಹೋಗುತ್ತದೆ. ಮೋಡ ಬಂದರೆ ನೀರು ಕುಗ್ಗುತ್ತದೆ, ಸಂಜೆಯಾದರೆ ನಿಲ್ಲುತ್ತದೆ. ಆಗ ಕೇಳಿಬರುವ ಸಲಹೆ ಒಂದೇ: ಹಳೆಯ ಯುಪಿಎಸ್ ಬ್ಯಾಟರಿ ಜೋಡಿಸಿ, ದೊಡ್ಡದಿದ್ದಷ್ಟೂ ಒಳ್ಳೆಯದು. ಈ ಮಾತು ಅರ್ಧ ಮಾತ್ರ ನಿಜ.

ಬ್ಯಾಟರಿ ವಿದ್ಯುತ್ ತಯಾರಿಸುವುದಿಲ್ಲ, ಕೂಡಿಡುತ್ತದೆ ಅಷ್ಟೇ. ಕೂಡಿಡಲು ಏನಾದರೂ ಮಿಕ್ಕಿರಬೇಕಲ್ಲವೇ?

ಒಂದು ಲೆಕ್ಕ ನೋಡೋಣ. ನಿಮ್ಮಲ್ಲಿ 10 ವ್ಯಾಟ್ ಪ್ಯಾನಲ್, 5 ವ್ಯಾಟ್ ಪಂಪ್ ಇದೆ ಎಂದುಕೊಳ್ಳಿ. ದಿನಕ್ಕೆ ಸುಮಾರು 5 ಗಂಟೆಯಷ್ಟು ಪೂರ್ಣ ಬಿಸಿಲು ಸಿಕ್ಕರೆ 50 ವ್ಯಾಟ್-ಗಂಟೆ. ಧೂಳು, ಶಾಖ, ತಂತಿಯ ನಷ್ಟ ಕಳೆದರೆ ಕೈಗೆ ಸಿಗುವುದು 35ರ ಆಸುಪಾಸು. ಹಗಲಲ್ಲೇ 6 ಗಂಟೆ ಓಡುವ ಪಂಪ್ ಇದರಲ್ಲಿ 30 ತಿನ್ನುತ್ತದೆ. ಉಳಿದ 5ರಲ್ಲಿ ರಾತ್ರಿ ಕಾರಂಜಿ ನಡೆಯುವುದು ಒಂದೇ ಗಂಟೆ. ಇಲ್ಲಿ ಎಷ್ಟೇ ದೊಡ್ಡ ಬ್ಯಾಟರಿ ಇಟ್ಟರೂ ಅದು ಅರೆಹೊಟ್ಟೆಯಲ್ಲೇ ಇರುತ್ತದೆ. ಲೆಡ್-ಆಸಿಡ್ ಬ್ಯಾಟರಿಯನ್ನು ಹೀಗೆ ಸದಾ ಅರೆಬರೆ ಚಾರ್ಜ್‌ನಲ್ಲಿಟ್ಟರೆ ಅದರ ಆಯಸ್ಸೂ ಕಡಿಮೆಯಾಗುತ್ತದೆ. ಇದೇ ಪಂಪ್ 24 ಗಂಟೆ ನಡೆಯಬೇಕಾದರೆ ಬಿಸಿಲಿನ ದಿನಗಳಲ್ಲೂ 40 ವ್ಯಾಟ್‌ನ ಪ್ಯಾನಲ್ ಬೇಕು.

ಆದರೆ ನಿಜವಾಗಿ 24 ಗಂಟೆ ಓಡಬೇಕೇ? ಒಂದು ಟೈಮರ್ ಹಾಕಿ, ಗಂಟೆಗೆ 15 ನಿಮಿಷದಂತೆ ಓಡಿಸಿದರೆ ದಿನಕ್ಕೆ 30 ವ್ಯಾಟ್-ಗಂಟೆ ಸಾಕು. ಹಳೆಯ ಪ್ಯಾನಲ್ಲೇ ನಡೆಯುತ್ತದೆ! 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಗಂಟೆ ಹಿಡಿಯುತ್ತದೆ. ಲೆಡ್-ಆಸಿಡ್ ಆದರೆ ಅರ್ಧ ಮಾತ್ರ ಬಳಸುವುದು ಕ್ಷೇಮ. ಅಷ್ಟರಲ್ಲೇ ಒಂದೆರಡು ಮೋಡದ ದಿನ ದಾಟಬಹುದು.

ಮಳೆಗಾಲದಲ್ಲಿ ಇದು ಅಲಂಕಾರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮೊಟ್ಟೆಯಿಡಲು ಇಂಥ ನಿಂತ ನೀರೇ ಇಷ್ಟ. ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ. ಸೋಲಾರ್ ಪಂಪ್ ದಿನಗಟ್ಟಲೆ ಮಲಗುವುದೂ ಇದೇ ಕಾಲದಲ್ಲಿ. ಹಾಗೆಂದು ಪಂಪ್ ಓಡಿದರೆ ಸೊಳ್ಳೆಯೇ ಇಲ್ಲ ಎಂಬುದೂ ತಪ್ಪು. ತೊಟ್ಟಿಯ ಮೂಲೆಗಳಲ್ಲಿ ನೀರು ಅಲುಗಾಡದೆ ನಿಂತಿರುತ್ತದೆ. ವಾರಕ್ಕೊಮ್ಮೆ ಖಾಲಿ ಮಾಡಿ ಗೋಡೆಗಳನ್ನು ಉಜ್ಜಲೇಬೇಕು, ಏಕೆಂದರೆ ಅಂಟಿಕೊಂಡ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತವೆ. ತೊಟ್ಟಿಯಲ್ಲಿ ಗಪ್ಪಿ ಮೀನು ಬಿಟ್ಟಿದ್ದರೆ ಅವು ಸೊಳ್ಳೆಮರಿಗಳನ್ನು ತಿನ್ನುತ್ತವೆ.

ಜೋಡಿಸುವಾಗ

ಪ್ಯಾನಲ್‌ಗೂ ಬ್ಯಾಟರಿಗೂ ನಡುವೆ ಚಾರ್ಜ್ ಕಂಟ್ರೋಲರ್ ಇರಲೇಬೇಕು. 12 ವೋಲ್ಟ್ ಎಂದು ಬರೆದಿರುವ ಪ್ಯಾನಲ್ ಬಿಸಿಲಲ್ಲಿ 20 ವೋಲ್ಟ್‌ಗೂ ಹೆಚ್ಚು ಕೊಡಬಲ್ಲದು. ನೇರ ಜೋಡಿಸಿದರೆ ಬ್ಯಾಟರಿ ಅತಿಯಾಗಿ ಚಾರ್ಜ್ ಆಗಿ ಹಾಳಾಗುತ್ತದೆ. ಲಿಥಿಯಂ ಆದರೆ ಬೆಂಕಿಯ ಅಪಾಯವೂ ಇದೆ. ಕಂಟ್ರೋಲರ್‌ನಲ್ಲಿ ನಿಮ್ಮ ಬ್ಯಾಟರಿಯ ಬಗೆಯನ್ನೇ ಆರಿಸಿ. ಪಂಪ್ ಎಷ್ಟು ವೋಲ್ಟಿನದು ಎಂದೂ ನೋಡಿ, 6 ವೋಲ್ಟ್ ಪಂಪಿಗೆ 12 ವೋಲ್ಟ್ ಕೊಟ್ಟರೆ ಸುಟ್ಟುಹೋಗಬಹುದು. ಬ್ಯಾಟರಿಯ ಪ್ಲಸ್ ತಂತಿಗೆ ಫ್ಯೂಸ್ ಹಾಕಿ, ನೆರಳಲ್ಲಿ, ಗಾಳಿಯಾಡುವ ಡಬ್ಬಿಯಲ್ಲಿಡಿ. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನಲ್, ಕೊನೆಗೆ ‘ಲೋಡ್’ ಎಂದಿರುವಲ್ಲಿ ಪಂಪ್.