ನಿಮಗಿದು ಗೊತ್ತೆ? ರ‍್ಯಾನ್ಸಮ್‌ವೇರ್‌ಗೆ ಬ್ಯಾಕಪ್ಪೇ ಮದ್ದು
2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಿಗೆ ರ‍್ಯಾನ್ಸಮ್‌ವೇರ್ (ಮಾಹಿತಿಗೆ ಬೀಗ ಜಡಿದು, ತೆರೆಯಲು ಹಣ ಕೇಳುವ ಕುತಂತ್ರಾಂಶ) ನುಗ್ಗಿ, ಸುಮಾರು 1.3 ಟೆರಾಬೈಟ್ ಮಾಹಿತಿಗೆ ಬೀಗ ಜಡಿಯಿತು. ಕೆಲಸವೆಲ್ಲ ಕೈಬರಹಕ್ಕೆ ಮರಳಿತು. ಕೊನೆಗೆ ಆಸ್ಪತ್ರೆಯ ಡಿಜಿಟಲ್ ವ್ಯವಸ್ಥೆಯಾದ ಇ-ಹಾಸ್ಪಿಟಲ್‌ನ ದಾಖಲೆಗಳನ್ನು ಉಳಿಸಿದ್ದು ಬೀಗ ಒಡೆಯುವ ಜಾಣ್ಮೆಯಲ್ಲ, ದಾಳಿಗೆ ಸಿಗದೆ ಉಳಿದಿದ್ದ ಬ್ಯಾಕಪ್ ಸರ್ವರ್. ಹಾಸನದ ಆಸ್ಪತ್ರೆಗಳಿಗೂ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಸಹಕಾರ ಸಂಘಗಳಿಗೂ ಇದೇ ಪಾಠ. ‘ಸಣ್ಣ ಊರಿನವರನ್ನು ಯಾರು ಹುಡುಕಿಕೊಂಡು ಬರುತ್ತಾರೆ?’ ಎನ್ನಬಹುದು. ಆದರೆ 2024ರ ಜುಲೈ ಕೊನೆಯಲ್ಲಿ ಸಿ-ಎಡ್ಜ್ ಎಂಬ ಒಂದೇ ತಂತ್ರಜ್ಞಾನ ಸಂಸ್ಥೆಗೆ ತಟ್ಟಿದ ದಾಳಿಯಿಂದ ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಪಾವತಿ ಸೇವೆ ತಾತ್ಕಾಲಿಕವಾಗಿ ನಿಂತಿತ್ತು.

ಮೋಸದ ಇಮೇಲ್, ಸಡಿಲ ಪಾಸ್‌ವರ್ಡ್, ಅಪ್‌ಡೇಟ್ ಕಾಣದ ಸಾಫ್ಟ್‌ವೇರ್ ಇಂಥ ದಾಳಿಯ ಹೆಬ್ಬಾಗಿಲುಗಳು. ಆಂಟಿವೈರಸ್ ಸಾಲದೇ? ಅದು ಕಳ್ಳನನ್ನು ಹೊರಗಟ್ಟಬಹುದು. ಅವನು ಜಡಿದ ಬೀಗವನ್ನು ತೆಗೆಯಲಾರದು. ದಾಳಿಕೋರರಿಗೆ ಹಣ ಕೊಟ್ಟರೂ ಕೀಲಿ ಸಿಗುವ ಖಾತರಿಯಿಲ್ಲ. ಆದ್ದರಿಂದ ಸೋಂಕು ಕಂಡೊಡನೆ ಸರ್ವರನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿ, ಸಾಕ್ಷ್ಯ ಅಳಿಸದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನುಸುಳಿದ ದಾರಿಯನ್ನು ಮುಚ್ಚಿ, ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದ ಮೇಲೆಯೇ ಬ್ಯಾಕಪ್ ತುಂಬಿಸಿ. ಆ ಬ್ಯಾಕಪ್ ಸದಾ ಸರ್ವರಿಗೇ ಜೋಡಿಸಿಕೊಂಡಿದ್ದರೆ ಅದಕ್ಕೂ ಬೀಗ ಬಿದ್ದೀತು. ಒಂದು ಪ್ರತಿಯಾದರೂ ಸಂಪರ್ಕ ಕಡಿದು ಬೇರೆಡೆ ಇರಲಿ.