ಬೊರಿವಲಿಯ ಬಿಸಿಲಿಗೊಂದು ಎದುರು ಬೆಳಕು

ಕ್ಯಾಮೆರಾದ ತಲೆಯ ಮೇಲೆ ಕೂರುವ ಫ್ಲ್ಯಾಶನ್ನು ಕಳಚಿ ದೂರಕ್ಕಿಟ್ಟು, ರೇಡಿಯೋ ಟ್ರಿಗರ್ ಮೂಲಕ ಬೆಳಗಿಸುವುದನ್ನು ಆಫ್-ಕ್ಯಾಮೆರಾ ಫ್ಲ್ಯಾಶ್ ಎನ್ನುತ್ತಾರೆ. ಬ್ಯಾಟರಿಯಿಂದ ನಡೆಯುವ ಈ ಪುಟ್ಟ ದೀಪ ಮದುವೆಗೆ ಮುಂಚಿನ ಚಿತ್ರಗಳಿಗಾಗಿ ಮುಂಬೈನ ಬೊರಿವಲಿ ಬಳಿಯ ಗೊರಾಯಿ ಕಡಲತೀರಕ್ಕೋ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೋ ಹೊರಟವರ ಚೀಲದಲ್ಲಿ ಸುಲಭವಾಗಿ ಹಿಡಿಸುತ್ತದೆ.

ಇಷ್ಟು ಬಿಸಿಲಿರುವಾಗ ಫ್ಲ್ಯಾಶ್ ಯಾಕೆ? ಬೊರಿವಲಿ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ನಡುವೆ ಮತ್ತು ಜುಲೈ ಕೊನೆಯ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆಟ್ಟಗೆ ನೆತ್ತಿಯ ಮೇಲಿರುತ್ತಾನೆ. ಹುಬ್ಬಿನ ನೆರಳು ಕಣ್ಣುಗಳನ್ನು ನುಂಗುತ್ತದೆ, ಮೂಗಿನ ನೆರಳು ತುಟಿಗಿಳಿಯುತ್ತದೆ. ಸಂಜೆಯದು ಬೇರೆಯೇ ತಾಪತ್ರಯ. ಗೊರಾಯಿಯಲ್ಲಿ ಕಡಲು ಪಡುವಣಕ್ಕಿದೆ. ಮುಳುಗುವ ಸೂರ್ಯನಿಗೆ ಬೆನ್ನು ಮಾಡಿ ನಿಂತವರ ಮುಖಕ್ಕೆ ಎಕ್ಸ್‌ಪೋಷರ್ ಹೊಂದಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ, ಆಕಾಶಕ್ಕೆ ಹೊಂದಿಸಿದರೆ ಮುಖ ಕಪ್ಪಾಗುತ್ತದೆ.

ಫ್ಲ್ಯಾಶಿನ ನಿಜವಾದ ಉಪಯೋಗ ಹೆಚ್ಚು ಬೆಳಕು ಕೊಡುವುದಲ್ಲ. ಮುಖವನ್ನೂ ಹಿನ್ನೆಲೆಯನ್ನೂ ಬೇರೆಬೇರೆಯಾಗಿ ಹಿಡಿತದಲ್ಲಿಡುವುದು. ಫ್ಲ್ಯಾಶ್ ಬೆಳಗುವ ಅವಧಿ ಸಾಮಾನ್ಯವಾಗಿ ಶಟರ್ ತೆರೆದಿರುವ ಅವಧಿಗಿಂತ ಚಿಕ್ಕದು. ಹಾಗಾಗಿ ಶಟರ್ ವೇಗ ಹೆಚ್ಚಿಸಿದರೆ ಆಕಾಶ ಗಾಢವಾಗುತ್ತದೆ, ಫ್ಲ್ಯಾಶ್ ಬಿದ್ದ ಮುಖಕ್ಕೆ ಹೆಚ್ಚೇನೂ ಆಗದು. ಅಪರ್ಚರ್ ಮತ್ತು ಐಎಸ್‌ಒ ಮಾತ್ರ ಮುಖ, ಹಿನ್ನೆಲೆ ಎರಡನ್ನೂ ಬದಲಿಸುತ್ತವೆ. ಮುಖವನ್ನಷ್ಟೇ ತಿದ್ದಬೇಕಿದ್ದರೆ ಫ್ಲ್ಯಾಶಿನ ಶಕ್ತಿಯನ್ನೋ ದೂರವನ್ನೋ ಬದಲಿಸಬೇಕು.

ಗೊರಾಯಿಯ ಸಂಜೆಯಲ್ಲಿ ಕೆಲಸ ಸಾಗುವ ಕ್ರಮ ಹೀಗೆ. ಮೊದಲು ಫ್ಲ್ಯಾಶ್ ಆರಿಸಿ ಆಕಾಶಕ್ಕಷ್ಟೇ ಎಕ್ಸ್‌ಪೋಷರ್ ಹೊಂದಿಸಬೇಕು. ಐಎಸ್‌ಒ 100, ಶಟರ್ 1/200, ಅಪರ್ಚರ್ ಎಫ್/5.6 ಅಂತಿಟ್ಟುಕೊಳ್ಳಿ. ಮೋಡದ ಬಣ್ಣ ತುಂಬಿ ಬಂದು, ಮುಂದೆ ನಿಂತವರು ನೆರಳಿನಂತೆ ಕಂಡರೆ ಸರಿಯಾಗಿದೆ ಎಂದರ್ಥ. ಆಮೇಲೆ ಬೆಳಕನ್ನು ಹರಡಿ ಮೃದುವಾಗಿಸುವ ಸಾಫ್ಟ್‌ಬಾಕ್ಸ್ ತೊಡಿಸಿದ ಫ್ಲ್ಯಾಶನ್ನು ಮುಖಕ್ಕೆ ಸುಮಾರು 45 ಡಿಗ್ರಿ ಪಕ್ಕದಲ್ಲಿ, ಕಣ್ಣಿಗಿಂತ ತುಸು ಎತ್ತರದಲ್ಲಿ, ಚೌಕಟ್ಟಿನ ಅಂಚಿನಾಚೆ ಆದಷ್ಟು ಹತ್ತಿರ ಹಿಡಿದು 1/8 ಶಕ್ತಿಯಿಂದ ಶುರು ಮಾಡಬಹುದು. ಹತ್ತಿರವಿದ್ದಷ್ಟೂ ಬೆಳಕು ಮೃದು, ಬ್ಯಾಟರಿಗೂ ಉಳಿತಾಯ. 1 ಮೀಟರಿನಲ್ಲಿದ್ದ ದೀಪ 2 ಮೀಟರಿಗೆ ಸರಿದರೆ ಬೆಳಕು ಕಾಲು ಭಾಗಕ್ಕಿಳಿಯುತ್ತದೆ. ಜರಿ ಸೀರೆಯಿದ್ದಾಗಲಂತೂ ಎದುರಿನಿಂದ ನೇರ ಫ್ಲ್ಯಾಶ್ ಹೊಡೆಯಲೇಬಾರದು. ಅಂಚೆಲ್ಲ ಬೆಳ್ಳಗೆ ಹೊಳೆದು ನೇಯ್ಗೆಯ ಕುಸುರಿ ಕಾಣೆಯಾಗುತ್ತದೆ.

ಫ್ಲ್ಯಾಶಿನ ಬೆಳಕು ಸುಮಾರು 5,500 ಕೆಲ್ವಿನ್, ಹೆಚ್ಚುಕಡಿಮೆ ನಡುಹಗಲಿನ ಬಣ್ಣ. ಹೊಂಬಿಸಿಲಿನ ನಡುವೆ ಅದು ನೀಲಿ ಬಳಿದಂತೆ ಕಾಣುತ್ತದೆ. ಕಿತ್ತಳೆ ಬಣ್ಣದ ಜೆಲ್ ಹಾಳೆಯೊಂದನ್ನು ದೀಪದ ಮುಂದೆ ಸಿಕ್ಕಿಸಿದರೆ ಮುಖ ಸಂಜೆಗೆ ಹೊಂದಿಕೊಳ್ಳುತ್ತದೆ. ಅಗ್ಗದ ವಸ್ತು, ಆದರೂ ಬಹಳ ಮಂದಿ ಮನೆಯಲ್ಲೇ ಮರೆತು ಬರುವುದು ಇದನ್ನೇ.

ನಡುಹಗಲ ಲೆಕ್ಕ ಇನ್ನಷ್ಟು ಕಠಿಣ. ಸ್ವಚ್ಛ ಬಿಸಿಲಿನಲ್ಲಿ ಐಎಸ್‌ಒ 100ಕ್ಕೆ ಎಫ್/11 ಇಟ್ಟರೆ ಶಟರ್ ಸುಮಾರು 1/200. ಹಿನ್ನೆಲೆ ಮಸುಕಾಗಲೆಂದು ಎಫ್/4ಕ್ಕೆ ತೆರೆದರೆ 1/1600 ಬೇಕು. ಪರದೆ ಶಟರಿನ ಬಹುಪಾಲು ಕ್ಯಾಮೆರಾಗಳು ಫ್ಲ್ಯಾಶಿನೊಂದಿಗೆ 1/200 ಅಥವಾ 1/250ರ ಆಸುಪಾಸಿನಲ್ಲೇ ನಿಲ್ಲುತ್ತವೆ. ಅದಕ್ಕೂ ಮೀರಿದರೆ ಚಿತ್ರದ ಒಂದು ಪಟ್ಟಿ ಕಪ್ಪಾಗುತ್ತದೆ. ದಾರಿ ಎರಡು. ಹೈ-ಸ್ಪೀಡ್ ಸಿಂಕ್‌ನಲ್ಲಿ ಫ್ಲ್ಯಾಶ್ ಬಿಡದೆ ಮಿಡಿಯುತ್ತದೆ, ಆದರೆ ಶಕ್ತಿ ಬಹಳಷ್ಟು ಕುಗ್ಗುತ್ತದೆ. ಇಲ್ಲವೇ ಲೆನ್ಸಿಗೆ ಬೆಳಕನ್ನು 8 ಪಟ್ಟು ತಗ್ಗಿಸುವ ಎನ್‌ಡಿ ಫಿಲ್ಟರ್ ತೊಡಿಸಿ 1/200ರಲ್ಲೇ ಉಳಿಯಬಹುದು; ಅದು ಫ್ಲ್ಯಾಶಿನ ಬೆಳಕನ್ನೂ ಅಷ್ಟೇ ಕತ್ತರಿಸುತ್ತದೆ. ಯಾವುದನ್ನೇ ಹಿಡಿದರೂ ಸಣ್ಣ ಫ್ಲ್ಯಾಶ್ ಬಿಸಿಲಿನೆದುರು ಏದುಸಿರು ಬಿಡುವುದುಂಟು. ಜೋಡಿಯನ್ನು ಮರದ ನೆರಳಿಗೆ ಕರೆದೊಯ್ಯುವುದೇ ಜಾಣತನ, ಉದ್ಯಾನದಲ್ಲಿ ಮರಗಳಿಗೇನೂ ಬರವಿಲ್ಲ.

ಕಡಲ ಗಾಳಿಗೆ ಸಾಫ್ಟ್‌ಬಾಕ್ಸ್ ಹಾಯಿಯಂತೆ ಉಬ್ಬಿ ಸ್ಟ್ಯಾಂಡನ್ನೇ ಉರುಳಿಸುತ್ತದೆ. ಮರಳು ಚೀಲ ಕಟ್ಟಬೇಕು, ಇಲ್ಲವೇ ಸಹಾಯಕರ ಕೈಗೆ ಕೊಡಬೇಕು. ಉಪ್ಪುಗಾಳಿ ಲೋಹದ ಸಂಪರ್ಕಗಳಿಗೆ ತುಕ್ಕು ಹಿಡಿಸುವುದರಿಂದ ಮರಳಿದ ಕೂಡಲೇ ಒಣಬಟ್ಟೆಯಿಂದ ಒರೆಸಿಡಬೇಕು. ಮಳೆಗಾಲದ ಹನಿಯಲ್ಲಿ ಫ್ಲ್ಯಾಶ್ ತೆಗೆಯದಿರುವುದೇ ಲೇಸು. ಒಳಗೆ ನೂರಾರು ವೋಲ್ಟ್ ವಿದ್ಯುತ್ ಶೇಖರವಾಗಿರುತ್ತದೆ.

ಉದ್ಯಾನ ಚಿರತೆಗಳ ನೆಲೆಯೂ ಹೌದು, ಪ್ರಾಣಿಗಳ ಮೇಲೆ ಫ್ಲ್ಯಾಶ್ ಹಾಯಿಸಬಾರದು. ವೃತ್ತಿಪರ ಚಿತ್ರೀಕರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು. ಒಳಗಿರುವ ಕಾನ್ಹೇರಿ ಗುಹೆಗಳು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾದ್ದರಿಂದ, ಅಲ್ಲಿ ಟ್ರೈಪಾಡ್ ಬಳಸುವುದಕ್ಕೂ ಮೊದಲೇ ಒಪ್ಪಿಗೆ ಪಡೆದಿರಬೇಕು.