ನಾಯಿ ತೋರಿಸಿದವನೇ ಕಳ್ಳನೆ?

ಮನುಷ್ಯನಿಗೆ ನೆರವಾಗುವ ನಾಯಿಗಳು ಹಲವು ಬಗೆ. ಅಡಗಿಸಿಟ್ಟ ವಸ್ತುವನ್ನು ಮೂಸಿ ಹುಡುಕುವುದು ಒಂದು ಕೆಲಸ, ಓಡಿಹೋದವನ ಜಾಡು ಹಿಡಿಯುವುದು ಇನ್ನೊಂದು, ಕುಸಿದ ಕಟ್ಟಡದಡಿ ಸಿಕ್ಕಿಕೊಂಡವರನ್ನು ಪತ್ತೆಹಚ್ಚುವುದು ಮತ್ತೊಂದು. ನಾಗಪುರದಂಥ ಊರಿನಲ್ಲಿ ಈ ಮೂರಕ್ಕೂ ಅವಕಾಶವಿದೆ. ದೆಹಲಿ–ಚೆನ್ನೈ ಮತ್ತು ಮುಂಬೈ–ಹೌರಾ ರೈಲುಮಾರ್ಗಗಳು ಒಂದನ್ನೊಂದು ಹಾಯುವ ಜಂಕ್ಷನ್ ಅದು. ಗಾಂಜಾ, ಸ್ಫೋಟಕಗಳ ಪತ್ತೆಗೆ ರೈಲ್ವೆ ಪಡೆಯ ನಾಯಿಗಳು ಸಾಮಾನು ಮೂಸುತ್ತವೆ. ಪೊಲೀಸರ ಶ್ವಾನದಳ ಕಳವು, ಕೊಲೆ ನಡೆದ ಜಾಗಕ್ಕೆ ಹೋಗುತ್ತದೆ. ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ, ಅಂದರೆ ಎನ್‌ಡಿಆರ್‌ಎಫ್‌ನ ಅಕಾಡೆಮಿ ಇರುವುದೂ ಇದೇ ಊರಿನಲ್ಲಿ.

ಈ ನಾಯಿಗಳ ಬಗ್ಗೆ ಜನರಲ್ಲಿರುವ ತಪ್ಪು ಕಲ್ಪನೆಗಳು ಹತ್ತಾರು. ಹೆಚ್ಚಿನವುಗಳಿಂದ ಯಾರಿಗೂ ಹಾನಿಯಿಲ್ಲ. ಒಂದು ಮಾತ್ರ ನಿರಪರಾಧಿಯ ಬದುಕನ್ನೇ ಹಾಳುಮಾಡಬಲ್ಲದು: ಪೊಲೀಸ್ ನಾಯಿ ಯಾರ ಮನೆಯ ಮುಂದೆ ಹೋಗಿ ನಿಂತಿತೋ ಅವನೇ ಕಳ್ಳ ಎಂಬ ನಂಬಿಕೆ.

‘ಸ್ಥಳಕ್ಕೆ ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲನೆ ನಡೆಸಿದರು’ ಎಂಬ ಸಾಲಿಲ್ಲದ ಕಳವಿನ ವರದಿ ಕನ್ನಡ ಪತ್ರಿಕೆಗಳಲ್ಲಿ ಅಪರೂಪ. ಒಂದೇ ವಾಕ್ಯದಲ್ಲಿ ಜೊತೆಜೊತೆಗೆ ಬರುವುದರಿಂದ ಎರಡಕ್ಕೂ ಒಂದೇ ತೂಕ ಎಂದು ಓದುಗರು ತಿಳಿಯುತ್ತಾರೆ. ಬೆರಳಚ್ಚು ಕಾಗದದ ಮೇಲೆ ಉಳಿಯುತ್ತದೆ. ಒಬ್ಬ ತಜ್ಞ ಹೇಳಿದ್ದನ್ನು ಹತ್ತು ವರ್ಷದ ಮೇಲೂ ಇನ್ನೊಬ್ಬ ತಜ್ಞ ಪರೀಕ್ಷಿಸಬಹುದು. ನಾಯಿ ಹಿಡಿದ ವಾಸನೆ ಸಂಜೆಯೊಳಗೆ ಗಾಳಿಯಲ್ಲಿ ಕರಗಿಹೋಗಿರುತ್ತದೆ. ಅದು ಏನನ್ನು ಮೂಸಿತು, ಯಾವುದನ್ನು ಬಿಟ್ಟು ಯಾವುದರ ಬೆನ್ನುಹತ್ತಿತು ಎಂಬುದನ್ನು ಮತ್ತೆ ಪರಿಶೀಲಿಸಲು ದಾರಿಯೇ ಇಲ್ಲ.

ನಾಯಿಯ ಮೂಗಿನ ಶಕ್ತಿಯ ಬಗ್ಗೆ ಅನುಮಾನವೇನೂ ಬೇಡ. ವಾಸನೆ ಗ್ರಹಿಸುವ ಕೋಶಗಳು ಮನುಷ್ಯನಲ್ಲಿ ಸುಮಾರು 50–60 ಲಕ್ಷವಿದ್ದರೆ ನಾಯಿಯಲ್ಲಿ 20 ಕೋಟಿಗೂ ಹೆಚ್ಚು. ಆದರೆ ಮೂಗು ಎಷ್ಟೇ ಚುರುಕಾಗಿದ್ದರೂ ಹಿಡಿಯಲು ವಾಸನೆ ಉಳಿದಿರಬೇಕಲ್ಲ? ಮನುಷ್ಯನ ಜಾಡು ಎನ್ನುವುದು ಮೈಯಿಂದ ಸದಾ ಉದುರುವ ಚರ್ಮದ ಸೂಕ್ಷ್ಮ ಕಣಗಳು, ಬೆವರು, ಅವುಗಳ ಮೇಲಿನ ಬ್ಯಾಕ್ಟೀರಿಯಾ, ಕಾಲಡಿ ನಲುಗಿದ ಹುಲ್ಲು, ಕದಡಿದ ಮಣ್ಣು ಇವೆಲ್ಲ ಸೇರಿದ ಮಿಶ್ರಣ. ತೇವ, ನೆರಳು ಇದ್ದಲ್ಲಿ ಅದು ಗಂಟೆಗಟ್ಟಲೆ ಉಳಿಯುತ್ತದೆ. ಬಿಸಿಲು, ಗಾಳಿ, ಡಾಂಬರು ರಸ್ತೆ, ಜನಸಂಚಾರ ಅದನ್ನು ಅಳಿಸುತ್ತವೆ. ನಾಗಪುರದ ಮೇ ತಿಂಗಳಲ್ಲಿ ಉಷ್ಣಾಂಶ 45 ಡಿಗ್ರಿ ದಾಟುವುದು ಹೊಸದಲ್ಲ. ನಾಯಿ ಮೈಯ ಕಾವನ್ನು ಕಳೆದುಕೊಳ್ಳುವುದು ಮುಖ್ಯವಾಗಿ ತೇಕುವುದರಿಂದ. ಬಾಯಿ ತೆರೆದು ತೇಕುವಾಗ ಮೂಸುವುದು ಕಡಿಮೆಯಾಗುತ್ತದೆ. ಕಾದ ನೆಲದ ಮೇಲೆ, ನೂರು ಜನ ತುಳಿದಾಡಿದ ಅಂಗಳದಲ್ಲಿ, ಮಧ್ಯಾಹ್ನ ಹನ್ನೆರಡಕ್ಕೆ ನಾಯಿಯನ್ನು ಇಳಿಸಿ ಪವಾಡ ನಿರೀಕ್ಷಿಸುವುದು ಆ ಪ್ರಾಣಿಗೂ ಮಾಡುವ ಅನ್ಯಾಯ.

ಇದಕ್ಕಿಂತ ದೊಡ್ಡ ತೊಡಕು ಹಗ್ಗದ ಇನ್ನೊಂದು ತುದಿಯಲ್ಲಿದೆ. ನಾಯಿ ತನ್ನನ್ನು ನಡೆಸುವ ಹ್ಯಾಂಡ್ಲರ್‌ನ ಮುಖ, ನಡಿಗೆ, ನಿಲುವು, ಹಗ್ಗದ ಬಿಗಿತ ಎಲ್ಲವನ್ನೂ ಗಮನಿಸುತ್ತಲೇ ಇರುತ್ತದೆ. 20ನೇ ಶತಮಾನದ ಆರಂಭದಲ್ಲಿ ಬರ್ಲಿನ್‌ನಲ್ಲಿ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಬಿಡಿಸುತ್ತಿತ್ತು. ಪ್ರಶ್ನೆ ಕೇಳಿದವನ ತಲೆಯ ಅತಿ ಸಣ್ಣ ಅಲುಗಾಟವನ್ನು ಕಂಡು ಅದು ಬಡಿಯುವುದನ್ನು ನಿಲ್ಲಿಸುತ್ತದೆ ಎಂದು ಮನಶ್ಶಾಸ್ತ್ರಜ್ಞ ಓಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟ. ಇದೇ ಪ್ರಶ್ನೆಯನ್ನು ಪೊಲೀಸ್ ನಾಯಿಗಳಿಗೆ ಒಡ್ಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 18 ನಾಯಿ–ಹ್ಯಾಂಡ್ಲರ್ ಜೋಡಿಗಳನ್ನು ಕರೆಸಿ, ಮಾದಕವಸ್ತುವಾಗಲಿ ಸ್ಫೋಟಕವಾಗಲಿ ಇಲ್ಲದ ಕೋಣೆಗಳಲ್ಲಿ ಹುಡುಕಿಸಿದರು. ಅಲ್ಲಿ ವಾಸನೆಯ ವಸ್ತು ಇರಬಹುದೆಂದು ಹ್ಯಾಂಡ್ಲರ್‌ಗಳಿಗೆ ಮೊದಲೇ ಹೇಳಿದ್ದರು. ಒಟ್ಟು 144 ಹುಡುಕಾಟಗಳಲ್ಲಿ ಯಾವ ಸುಳ್ಳು ಸೂಚನೆಯೂ ಬಾರದೆ ಮುಗಿದದ್ದು 21 ಮಾತ್ರ. ಉಳಿದವುಗಳಲ್ಲಿ, ಏನೂ ಇಲ್ಲದ ಕಡೆ ‘ಇಲ್ಲಿದೆ’ ಎಂಬ ಸೂಚನೆ ದಾಖಲಾಯಿತು. ಹ್ಯಾಂಡ್ಲರ್‌ಗಳು ಮೋಸ ಮಾಡಿದರು ಎಂದಲ್ಲ. ಇದೆಯೆಂದು ಅವರು ನಂಬಿದ್ದರು. ಆ ನಂಬಿಕೆಯೇ ಸಾಕಾಯಿತು. ಹಳ್ಳಿಯ ಜನ ಆಗಲೇ ಒಬ್ಬನ ಹೆಸರನ್ನು ಪಿಸುಗುಟ್ಟುತ್ತಿರುವಾಗ, ಅದು ಹ್ಯಾಂಡ್ಲರ್‌ನ ಕಿವಿಗೂ ಬಿದ್ದಿರುವಾಗ, ನಾಯಿ ಯಾವ ಬೀದಿಗೆ ತಿರುಗುತ್ತದೆ ಎಂಬುದು ಬರೀ ಮೂಗಿಗೆ ಸೇರಿದ ವಿಷಯವಾಗಿ ಉಳಿಯುವುದು ಕಷ್ಟ.

ಜನರ ಅತಿವಿಶ್ವಾಸಕ್ಕೆ ಮೂಲ ಇನ್ನೊಂದು ಬಗೆಯ ನಾಯಿಗಳ ಕೀರ್ತಿ. 1993ರ ಮುಂಬೈ ಸರಣಿ ಸ್ಫೋಟಗಳ ಸಂದರ್ಭದಲ್ಲಿ ಝಂಜೀರ್ ಎಂಬ ಲ್ಯಾಬ್ರಡಾರ್ 3,300 ಕಿಲೋಗೂ ಹೆಚ್ಚು ಆರ್‌ಡಿಎಕ್ಸ್ ಪತ್ತೆಗೆ ನೆರವಾಗಿ ಅಸಂಖ್ಯ ಜೀವ ಉಳಿಸಿತು. 2000ದಲ್ಲಿ ಅದು ಸತ್ತಾಗ ಮುಂಬೈ ಪೊಲೀಸರು ಸಕಲ ಗೌರವದಿಂದ ಬೀಳ್ಕೊಟ್ಟರು. ಝಂಜೀರ್ ಒಂದು ಚೀಲದ ಮುಂದೆ ಕುಳಿತರೆ ಪೊಲೀಸರು ಚೀಲ ಬಿಚ್ಚಿ ನೋಡುತ್ತಿದ್ದರು. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ನಾಯಿಯ ಮಾತಿನ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಜಾಡು ಹಿಡಿಯುವ ನಾಯಿ ಒಬ್ಬ ಮನುಷ್ಯನ ಮುಂದೆ ನಿಂತರೆ ಬಿಚ್ಚಿ ನೋಡಲು ಏನಿದೆ? ಅವನು ಆ ದಾರಿಯಲ್ಲಿ ನಡೆದಿರಬಹುದು, ಬೆಳಿಗ್ಗೆ ಆ ಮನೆಗೆ ಹಾಲು ಹಾಕಿರಬಹುದು, ಕೂಗು ಕೇಳಿ ಮೊದಲು ಓಡಿಬಂದವನೇ ಅವನಿರಬಹುದು. ಅಪರಾಧದ ವಾಸನೆ ಎಂಬುದೊಂದು ಇಲ್ಲ. ಈ ಸರಳ ಸಂಗತಿ ಹೊಳೆಯದಿರುವುದೇ ಬೇಸರದ ವಿಷಯ.

ಹಾಗೆಂದು ಜಾಡು ಹಿಡಿಯುವ ನಾಯಿ ನಿರುಪಯೋಗಿಯಲ್ಲ. 2020ರಲ್ಲಿ ದಾವಣಗೆರೆ ಪೊಲೀಸರ ತುಂಗಾ ಎಂಬ ಡಾಬರ್‌ಮನ್ ಕೊಲೆ ನಡೆದ ಜಾಗದಿಂದ ಸುಮಾರು 12 ಕಿಲೋಮೀಟರ್ ಓಡಿ ಶಂಕಿತನ ಸುಳಿವು ಕೊಟ್ಟದ್ದು ನಾಡಿಗೆಲ್ಲ ಗೊತ್ತು. ತನಿಖೆ ಎತ್ತ ಸಾಗಬೇಕೆಂದು ನಾಯಿ ತೋರಿಸುತ್ತದೆ; ಸಾಕ್ಷ್ಯವನ್ನು ಪೊಲೀಸರು ಹುಡುಕಬೇಕು.

ನ್ಯಾಯಾಲಯಗಳಿಗೆ ಇದು ಎಂದೋ ಗೊತ್ತಾಗಿದೆ. ಹಳಿಯ ಫಿಶ್‌ಪ್ಲೇಟ್ ಕಳಚಿ ರೈಲು ಉರುಳಿಸಿದ ಮಹಾರಾಷ್ಟ್ರದ ಪ್ರಕರಣವೊಂದು 1969ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು: ಅಬ್ದುಲ್ ರಜಾಕ್ ಮುರ್ತಜಾ ದಫೇದಾರ್ ವಿರುದ್ಧ ಮಹಾರಾಷ್ಟ್ರ ಸರ್ಕಾರ. ನಾಯಿಯನ್ನು ಕಟಕಟೆಗೆ ಕರೆದು ಪಾಟೀಸವಾಲು ಮಾಡಲಾಗದು, ಅದರ ಪರವಾಗಿ ಮಾತಾಡುವವನು ಹ್ಯಾಂಡ್ಲರ್ ಮಾತ್ರ, ನಾಯಿ ತಪ್ಪು ತಿಳಿದಿರುವ ಸಾಧ್ಯತೆ ಇದ್ದೇ ಇದೆ, ಅದರ ಊಹೆಯ ಮೇಲೆ ಒಬ್ಬನ ಜೀವ, ಸ್ವಾತಂತ್ರ್ಯ ನಿಲ್ಲಬಾರದು ಎಂಬ ಆಕ್ಷೇಪಗಳನ್ನು ಕೋರ್ಟ್ ಪರಿಶೀಲಿಸಿತು, ಆ ಸಾಕ್ಷ್ಯಕ್ಕೆ ಹೆಚ್ಚು ಬೆಲೆ ಕೊಡಲಿಲ್ಲ. ಶಿಕ್ಷೆ ಉಳಿದದ್ದು ಬೇರೆ ಸಾಕ್ಷ್ಯಗಳ ಬಲದಿಂದ. ತನಿಖೆಯಲ್ಲಿ ನಾಯಿಯ ನೆರವು ಪಡೆಯಬಹುದು, ತೀರ್ಪಿಗೆ ಅದನ್ನು ಆಧಾರ ಮಾಡಿಕೊಳ್ಳಲಾಗದು ಎಂಬ ನಿಲುವನ್ನು 2001ರ ಗದೆ ಲಕ್ಷ್ಮಿ ಮಂಗರಾಜು ಪ್ರಕರಣದಲ್ಲೂ ಅದೇ ಕೋರ್ಟ್ ತಳೆಯಿತು. ಈ ಎಚ್ಚರವಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಫ್ಲಾರಿಡಾದ ಉದಾಹರಣೆ ಇದೆ. ದಿನಗಟ್ಟಲೆ ಹಳೆಯ ಜಾಡನ್ನೂ ತನ್ನ ನಾಯಿ ಹಿಡಿಯುತ್ತದೆ ಎನ್ನುತ್ತಿದ್ದ ಒಬ್ಬನೇ ಹ್ಯಾಂಡ್ಲರ್‌ನ ಸಾಕ್ಷ್ಯ 1980ರ ದಶಕದ ಆರಂಭದಲ್ಲಿ ಹಲವರನ್ನು ಜೈಲಿಗೆ ಕಳಿಸಲು ನೆರವಾಯಿತು. ಡಿಎನ್‌ಎ ಪರೀಕ್ಷೆಯ ಬಳಿಕ ಅವರಲ್ಲಿ ಒಬ್ಬ 22 ವರ್ಷ, ಇನ್ನೊಬ್ಬ 27 ವರ್ಷ ಕಳೆದು 2004 ಮತ್ತು 2008ರಲ್ಲಿ ಹೊರಬಂದರು.

ಕಳ್ಳನನ್ನು ಹಿಡಿಯಲು ವೀಳ್ಯದೆಲೆಗೆ ಅಂಜನ ಹಾಕಿಸಿ ನೋಡುವ ಪದ್ಧತಿ ಕನ್ನಡ ನಾಡಿನ ಹಳ್ಳಿಗಳಲ್ಲಿ ಬಹುಕಾಲ ನಡೆಯಿತು. ಎಲೆಯಲ್ಲಿ ಮುಖ ಕಂಡವನಿಗೆ ಊರಲ್ಲಿ ಉಳಿಗಾಲವಿರಲಿಲ್ಲ. ಮಹಾರಾಷ್ಟ್ರ 2013ರಲ್ಲಿ ಮಾಟಮಂತ್ರ ತಡೆ ಕಾನೂನು ತಂದಿತು, ಕರ್ನಾಟಕ 2017ರಲ್ಲಿ. ಇವುಗಳ ಹಿಂದಿದ್ದ ಮೂಢನಂಬಿಕೆ ವಿರೋಧಿ ಚಳವಳಿಗೆ ನಾಗಪುರವೂ ಒಂದು ಮುಖ್ಯ ನೆಲೆ. ಅಂಜನವನ್ನು ನಂಬಬಾರದೆಂದು ಕಲಿತವರೇ ನಾಯಿಯನ್ನು ಅದೇ ಜಾಗದಲ್ಲಿ ಕೂರಿಸಿದ್ದಾರೆ. ಯಾರೋ ಒಬ್ಬರು ಬೊಟ್ಟು ಮಾಡಿ ತೋರಿಸಿಬಿಡಲಿ, ವಿಚಾರಿಸುವ ಶ್ರಮ ತಪ್ಪಲಿ ಎಂಬ ಹಂಬಲ ಹಾಗೆಯೇ ಉಳಿದಿದೆ. ‘ಶಂಕಿತನ ಮನೆ ಮುಂದೆ ನಿಂತ ಪೊಲೀಸ್ ನಾಯಿ’ ಎಂದು ಹೆಸರು, ಚಿತ್ರದ ಸಮೇತ ತೋರಿಸುವ ಟಿ.ವಿ. ವಾಹಿನಿ, ಆ ಮನೆಯವರಿಗೆ ಮರುದಿನ ಅಂಗಡಿಯಲ್ಲಿ ಸಾಮಾನು ಸಿಗುತ್ತದೆಯೆ ಎಂದು ಕೇಳುವುದಿಲ್ಲ.

ಉಳಿದ ತಪ್ಪು ಕಲ್ಪನೆಗಳಿಗೆ ಹೆಚ್ಚು ಮಾತು ಬೇಡ. ಗಾಂಜಾ ಹುಡುಕುವ ನಾಯಿಗೆ ಗಾಂಜಾದ ಚಟ ಹತ್ತಿಸಿರುತ್ತಾರೆ ಎಂಬುದು ಶುದ್ಧ ಸುಳ್ಳು; ವಾಸನೆ ಸಿಕ್ಕಾಗ ಚೆಂಡೋ ತಿಂಡಿಯೋ ಸಿಗುತ್ತದೆ ಎಂಬ ಆಸೆಯೇ ಅದರ ತರಬೇತಿಯ ತಿರುಳು. ಮುಧೋಳ ನಾಯಿ ಸೇನೆ ಸೇರಿದೆ ಎಂದಮೇಲೆ ಅದು ಎಲ್ಲ ಕೆಲಸಕ್ಕೂ ಲ್ಯಾಬ್ರಡಾರ್‌ಗಿಂತ ಮೇಲು ಎಂಬುದು ಅಭಿಮಾನದ ಮಾತು. ಅದು ಕಣ್ಣಿನಿಂದ ಬೇಟೆ ಗುರುತಿಸಿ ಓಡಿ ಹಿಡಿಯಲು ರೂಢಿಗೊಂಡ ತಳಿ. ಅಂಧರ ಮಾರ್ಗದರ್ಶಿ ನಾಯಿ ಸಿಗ್ನಲ್ ದೀಪ ನೋಡಿ ರಸ್ತೆ ದಾಟಿಸುವುದಿಲ್ಲ, ಏಕೆಂದರೆ ಕೆಂಪು–ಹಸಿರಿನ ವ್ಯತ್ಯಾಸ ನಾಯಿಗೆ ಸರಿಯಾಗಿ ಕಾಣದು. ಯಾವಾಗ ದಾಟಬೇಕೆಂದು ತೀರ್ಮಾನಿಸುವವರು ಅದರ ಜೊತೆ ನಡೆಯುವವರೇ. ವಿಪತ್ತು ಪಡೆಯ ನಾಯಿ ಅವಶೇಷ ಅಗೆದು ಜನರನ್ನು ಹೊರಗೆಳೆಯುವುದಿಲ್ಲ, ಬೊಗಳಿ ಜಾಗ ತೋರಿಸುತ್ತದೆ. 2023ರ ಫೆಬ್ರುವರಿಯಲ್ಲಿ ತುರ್ಕಿಯ ಭೂಕಂಪದಲ್ಲಿ ಎನ್‌ಡಿಆರ್‌ಎಫ್‌ನ ಜೂಲಿ ಸೂಚನೆ ಕೊಟ್ಟಾಗ ರೋಮಿಯೊ ಎಂಬ ಇನ್ನೊಂದು ನಾಯಿಯನ್ನು ಬಿಟ್ಟು ಖಚಿತಪಡಿಸಿಕೊಂಡರು, ಆಮೇಲೆ ಅಗೆದರು. ಆರು ವರ್ಷದ ಹುಡುಗಿ ಜೀವಂತ ಸಿಕ್ಕಳು. ನಿವೃತ್ತ ಸೇನಾ ನಾಯಿಗಳನ್ನು ಕೊಲ್ಲುತ್ತಾರೆ ಎಂಬ ಮಾತು ಒಂದು ಕಾಲಕ್ಕೆ ನಿಜವಿತ್ತು. 2015ರಲ್ಲಿ ಮಾಹಿತಿ ಹಕ್ಕಿನ ಉತ್ತರವೊಂದರಿಂದ ಅದು ಬೆಳಕಿಗೆ ಬಂದ ಮೇಲೆ ನೀತಿ ಬದಲಾಯಿತು.

ಕಳವೋ ಕೊಲೆಯೋ ನಡೆದ ಜಾಗದಲ್ಲಿ ನಾಯಿಗೆ ನೆರವಾಗುವ ಕೆಲಸ ಜನರ ಕೈಯಲ್ಲೇ ಇದೆ. ಪೊಲೀಸರು ಬರುವವರೆಗೆ ಯಾರನ್ನೂ ಒಳಗೆ ಬಿಡಬಾರದು, ಕಳ್ಳ ಮುಟ್ಟಿರಬಹುದಾದ ವಸ್ತುವನ್ನು ಎತ್ತಿಡಬಾರದು, ಅಂಗಳ ಗುಡಿಸಬಾರದು, ಶಂಕೆಯಿರುವವರ ಹೆಸರನ್ನು ತನಿಖಾಧಿಕಾರಿಗೆ ಹೇಳಬೇಕೇ ಹೊರತು ಹ್ಯಾಂಡ್ಲರ್‌ಗೆ ಹೇಳಬಾರದು. ನಾಯಿ ಯಾರದೋ ಬಾಗಿಲಲ್ಲಿ ನಿಂತರೆ ಆ ಮನೆಯವರ ಫೋಟೊ ತೆಗೆಯದೆ, ತನಿಖೆ ಮುಗಿಯುವವರೆಗೆ ಅವರನ್ನು ನೆರೆಯವರಾಗಿಯೇ ಕಾಣಬೇಕು.